ತಗ್ಗಿನ ಮನೆಯ ಸೀವೇಜ್ ಪಂಪ್ ಕೈಕೊಟ್ಟರೆ

ಕೆಳಮನೆಯ ಬಚ್ಚಲಿನಲ್ಲಿ ಸುರಿದ ನೀರು ಇಳಿಯದೆ ನಿಂತಿದೆ. ಕಮೋಡಿಗೆ ಒಂದು ಚೊಂಬು ನೀರು ಹಾಕಿದರೆ ಬಚ್ಚಲ ಜಾಲರಿ ಗುಳುಗುಳು ಎನ್ನುತ್ತದೆ, ಹಿಂದೆಯೇ ಕಪ್ಪು ನೀರು ಮೇಲೇಳುತ್ತದೆ. ಬಾಡಿಗೆಯವರು ಬಂದು ಬಾಗಿಲು ತಟ್ಟುತ್ತಾರೆ. ನೀವು ಪ್ಲಂಬರಿಗೆ ಫೋನ್ ಮಾಡಿದರೆ ಆ ಕಡೆಯಿಂದ ಬರುವ ಉತ್ತರ ಹೆಚ್ಚಾಗಿ ಒಂದೇ: ‘ಮೋಟರ್ ಸುಟ್ಟಿರತ್ತೆ ಸಾರ್, ವೈಂಡಿಂಗ್ ಮಾಡಿಸ್ಬೇಕು.’

ಕೈಗಾರಿಕಾ ಪ್ರದೇಶ ಬಂದ ಮೇಲೆ ಬಾಡಿಗೆ ಕೋಣೆಗಳಿಗೆ ಬೇಡಿಕೆ ಕಂಡ ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆಯಂಥ ಊರಿರಲಿ, ಚಿಂತಾಮಣಿ, ಶಿಡ್ಲಘಟ್ಟದ ಹೊಸ ಬಡಾವಣೆಗಳಿರಲಿ, ಈ ತೊಂದರೆ ಬರುವ ಮನೆಗಳ ಕಥೆ ಒಂದೇ ಥರ. ಸೈಟು ರಸ್ತೆಗಿಂತ ತಗ್ಗಿನಲ್ಲಿರುತ್ತದೆ. ಇಲ್ಲವೇ ನೆಲಮಟ್ಟದ ಕೆಳಗೆ ಒಂದು ಅಂತಸ್ತು ಕಟ್ಟಿ ಅಲ್ಲೂ ಕಕ್ಕಸು, ಬಚ್ಚಲು ಇಟ್ಟಿರುತ್ತಾರೆ. ರಸ್ತೆಗೆ ಪ್ರತಿ ಸಲ ಹೊಸ ಡಾಂಬರು, ಹೊಸ ಕಾಂಕ್ರೀಟು ಬಿದ್ದಾಗಲೂ ಮನೆ ಇನ್ನೊಂದಿಷ್ಟು ತಗ್ಗಾಗುತ್ತದೆ. ಮ್ಯಾನ್‌ಹೋಲ್ ಅಥವಾ ಸೆಪ್ಟಿಕ್ ಟ್ಯಾಂಕ್ ಮೇಲಿದ್ದು ಕಕ್ಕಸು ಕೆಳಗಿದ್ದರೆ ಕೊಳಚೆಯನ್ನು ಗುಂಡಿಯಲ್ಲಿ ಹಿಡಿದು ಪಂಪಿನಿಂದ ಎತ್ತಲೇಬೇಕು.

ಇಂಥ ಪಂಪ್ ನಿಂತಾಗ ಸಂಶಯಪಡಬೇಕಾದ ಕೊನೆಯ ಭಾಗ ಮೋಟರ್. ಕರೆಂಟು, ಫ್ಲೋಟ್, ಕೆಪಾಸಿಟರ್, ವಾಲ್ವ್, ಇಂಪೆಲ್ಲರಿಗೆ (ಕೊಳಚೆಯನ್ನು ತಳ್ಳುವ ಚಕ್ರಕ್ಕೆ) ಸುತ್ತಿಕೊಂಡ ಕಸ ಇವೆಲ್ಲ ಅದಕ್ಕಿಂತ ಮೊದಲು ಬರುತ್ತವೆ. ಇವೆಲ್ಲವನ್ನೂ ಗುಂಡಿಯ ಹೊರಗೆ ನಿಂತೇ ನೋಡಬಹುದು. ಗುಂಡಿಗೆ ಇಳಿಯುವ ರಿಪೇರಿ ಎಂಬುದು ಇಲ್ಲ. ಇಳಿಯದೆ ಆಗದು ಎಂದು ಯಾರಾದರೂ ಹೇಳಿದರೆ ಆ ಗುಂಡಿ ಕಟ್ಟಿದ ರೀತಿಯೇ ತಪ್ಪು, ಮೊದಲು ಅದನ್ನು ಸರಿಪಡಿಸಬೇಕು.

ಇದು ಕೆಲಸ ಮಾಡುವ ಬಗೆ

ಕೊಳಚೆಯನ್ನು ಎತ್ತಿ ಸಾಗಿಸುವ ಯಂತ್ರ ಹೊಸದಲ್ಲ. ಬ್ರಿಟನ್ನಿನ ಐಸಾಕ್ ಶೋನ್ ಎಂಬ ಎಂಜಿನಿಯರ್ 19ನೇ ಶತಮಾನದ ಕೊನೆಯಲ್ಲಿ ಒತ್ತಿದ ಗಾಳಿಯಿಂದ ಕೊಳಚೆಯನ್ನು ಮೇಲಕ್ಕೆ ತಳ್ಳುವ ಎಜೆಕ್ಟರ್ ಮಾಡಿದ. ಮುಂಬಯಿ, ರಂಗೂನುಗಳಲ್ಲೂ ಅದು ಬಂತು. ಈಗ ಗಾಳಿಯ ಜಾಗಕ್ಕೆ ನೀರಲ್ಲೇ ಮುಳುಗಿ ತಿರುಗುವ ವಿದ್ಯುತ್ ಮೋಟರ್ ಬಂದಿದೆ. ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಇವತ್ತು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದೂ ಪಂಪಿನ ಬಲದಿಂದಲೇ.

ಮನೆಯಲ್ಲಿರುವುದು ಐದು ಭಾಗ: ಗುಂಡಿ, ಪಂಪ್, ಫ್ಲೋಟ್, ಎನ್‌ಆರ್‌ವಿ, ಗಾಳಿ ಪೈಪು. ಗುಂಡಿಯಲ್ಲಿ ಮಟ್ಟ ಏರಿದಾಗ ಫ್ಲೋಟ್ ತೇಲಿ ಮೇಲಕ್ಕೆ ತಿರುಗುತ್ತದೆ, ಒಳಗಿನ ಸ್ವಿಚ್ಚು ಕೂಡುತ್ತದೆ, ಪಂಪ್ ಓಡುತ್ತದೆ. ಮಟ್ಟ ಇಳಿದಾಗ ಫ್ಲೋಟ್ ಜೋಲುತ್ತದೆ, ಪಂಪ್ ನಿಲ್ಲುತ್ತದೆ. ಮೇಲೇರಿದ ಕೊಳಚೆ ವಾಪಸು ಗುಂಡಿಗೆ ಬೀಳದಂತೆ ತಡೆಯುವುದು ಎನ್‌ಆರ್‌ವಿ. ಗುಂಡಿಯ ಅನಿಲವನ್ನು ಮಾಳಿಗೆಯ ಮೇಲಕ್ಕೆ ಒಯ್ಯುವುದು ಗಾಳಿ ಪೈಪು.

ಎರಡು ಸಂಗತಿ ತಿಳಿದಿದ್ದರೆ ಮುಂದಿನದೆಲ್ಲ ಸುಲಭ. ಮೊದಲನೆಯದು, ಮುಳುಗಿ ಕೆಲಸ ಮಾಡುವ ಮೋಟರ್ ತಣ್ಣಗಿರುವುದು ಸುತ್ತಲಿನ ನೀರಿನಿಂದ. ನೀರು ತಳ ಕಂಡ ಮೇಲೂ ಓಡಿದರೆ ಅದು ಕಾಯುತ್ತದೆ. ಎರಡನೆಯದು, ಪೈಪಿನೊಳಗೆ ಕೊಳಚೆ ಸೆಕೆಂಡಿಗೆ ಸುಮಾರು 0.7 ಮೀಟರ್ ವೇಗದಲ್ಲಾದರೂ ಹರಿಯಬೇಕು. ಅದಕ್ಕಿಂತ ನಿಧಾನವಾದರೆ ಗಟ್ಟಿ ಪದಾರ್ಥ ಪೈಪಿನ ತಳದಲ್ಲಿ ಕೂರುತ್ತದೆ. ಎರಡು ಇಂಚಿನ ಪೈಪಿಗೆ ಈ ವೇಗ ಬರಲು ನಿಮಿಷಕ್ಕೆ 80 ಲೀಟರ್ ಮೇಲೆ ಸಾಗಬೇಕು. ಇದು ನೆನಪಿರಲಿ, ಪಂಪಿನ ಆರೋಗ್ಯ ಅಳೆಯುವುದು ಈ ಲೆಕ್ಕದಿಂದಲೇ.

ಎಲ್ಲಕ್ಕಿಂತ ಮೊದಲು ಜೀವ

ಕೊಳಚೆ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆ ಇದ್ದರೂ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಆದರೆ ನೂರು ಭಾಗ ದಾಟಿದರೆ ಮೂಗೇ ಸತ್ತುಹೋಗಿ ವಾಸನೆ ತಿಳಿಯುವುದಿಲ್ಲ. 500ರಿಂದ ಮೇಲೆ ಕೆಲವೇ ನಿಮಿಷಗಳಲ್ಲಿ ಕುಸಿದುಬಿದ್ದು ಪ್ರಾಣ ಹೋಗಬಹುದು. ‘ಈಗ ವಾಸನೆ ಇಲ್ಲ, ಇಳೀಬಹುದು’ ಎಂಬ ಮಾತು ಎಷ್ಟೋ ಜನರನ್ನು ಕೊಂದಿದೆ. ಬಿದ್ದವರನ್ನು ಎತ್ತಲು ಹಿಂದೆಯೇ ಇಳಿದವರೂ ಅಲ್ಲೇ ಉಳಿದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಅಂಥದ್ದು ನಡೆದರೆ 112ಕ್ಕೆ ಫೋನ್ ಮಾಡಿ, ನೀವು ಇಳಿಯಬೇಡಿ.

ಕೂಲಿ ಕೊಟ್ಟು ಇನ್ನೊಬ್ಬರನ್ನು ಇಳಿಸುವುದಂತೂ ಆಗಲೇಕೂಡದು. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಒಳಚರಂಡಿ, ಸೆಪ್ಟಿಕ್ ಟ್ಯಾಂಕುಗಳ ಅಪಾಯಕಾರಿ ಸ್ವಚ್ಛತೆಗೆ ಮನುಷ್ಯರನ್ನು ಹಚ್ಚಿದರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಬೀಳಬಹುದು. ಈ ನಿಷೇಧ ನಗರಸಭೆ, ಗುತ್ತಿಗೆದಾರರಿಗಷ್ಟೇ ಇಲ್ಲ, ಮನೆ ಮಾಲೀಕರಿಗೂ ಇದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಯಾವ ಪರಿಹಾರವೂ ಆ ಮನೆಯ ದುಡಿಯುವ ಕೈಯನ್ನು ಮರಳಿ ತರುವುದಿಲ್ಲ.

ಮುಚ್ಚಳ ತೆಗೆಯುವ ಮುನ್ನ ಇಷ್ಟು ಮಾಡಿ:

1. ಎಂಸಿಬಿ ಇಳಿಸಿ, ಪ್ಲಗ್ ಇದ್ದರೆ ಕಿತ್ತಿಡಿ. ಬೋರ್ಡಿನ ಹತ್ತಿರ ‘ಕೆಲಸ ನಡೆಯುತ್ತಿದೆ’ ಎಂದು ಚೀಟಿ ಅಂಟಿಸಿ. ಮನೆಯಲ್ಲಿ ಬೇರೆಯವರು ಅಭ್ಯಾಸಬಲದಿಂದ ಸ್ವಿಚ್ ಹಾಕಿಬಿಡುತ್ತಾರೆ.

2. ಮನೆಯವರಿಗೆಲ್ಲ ಹೇಳಿ ಮೇಲಿನ, ಕೆಳಗಿನ ನಲ್ಲಿ, ಕಕ್ಕಸು, ವಾಷಿಂಗ್ ಮಷೀನು ನಿಲ್ಲಿಸಿ.

3. ಮುಚ್ಚಳ ತೆಗೆದು ಅರ್ಧ ಗಂಟೆ ದೂರ ನಿಲ್ಲಿ. ಗುಂಡಿ ನೆಲಮಾಳಿಗೆಯೊಳಗಿದ್ದರೆ ಬಾಗಿಲು, ಕಿಟಕಿ ತೆರೆದು ಫ್ಯಾನು ಹಚ್ಚಿ. ಆದರೆ ಫ್ಯಾನು ಇಡುವುದು ಬಾಗಿಲ ಹತ್ತಿರ, ಗುಂಡಿಯ ಬಾಯಲ್ಲಿ ಬೇಡ. ಬೀಡಿ, ಸಿಗರೇಟು, ದೀಪ ಹತ್ತಿರ ಸುಳಿಯಬಾರದು. ಗಾಳಿಯಲ್ಲಿ ನೂರಕ್ಕೆ 5ರಿಂದ 15 ಭಾಗ ಮೀಥೇನ್ ಸೇರಿದ್ದರೆ ಒಂದು ಕಿಡಿಗೆ ಸ್ಫೋಟವಾಗುತ್ತದೆ.

4. ಉದ್ದದ ರಬ್ಬರ್ ಕೈಗವಸು, ಗಂಬೂಟು, ಕಣ್ಣಿಗೆ ಕನ್ನಡಕ. ಬಾಗಿ ಗುಂಡಿಯೊಳಗೆ ತಲೆ ಹಾಕಬೇಡಿ, ಟಾರ್ಚು ಸಾಕು. ಒಬ್ಬರೇ ಇದ್ದಾಗ ಈ ಕೆಲಸಕ್ಕೆ ಕೈ ಹಾಕಬೇಡಿ.

5. ಗುಂಡಿಗೆ ಕಕ್ಕಸು ತೊಳೆಯುವ ಆಸಿಡ್ ಸುರಿಯಬೇಡಿ. ಆಸಿಡ್ ಬಿದ್ದರೆ ಕೆಸರಿನಲ್ಲಿರುವ ಸಲ್ಫೈಡು ಒಮ್ಮೆಲೇ ವಿಷಾನಿಲವಾಗಿ ಮೇಲೇಳುತ್ತದೆ. ಆಸಿಡ್, ಬ್ಲೀಚಿಂಗ್ ಪೌಡರ್ ಎರಡೂ ಸೇರಿದರೆ ಕ್ಲೋರಿನ್ ಹುಟ್ಟುತ್ತದೆ.

ಪಂಪ್ ಎತ್ತುವ ಮೊದಲು ಪತ್ತೆ ಮಾಡಿ

ಎತ್ತುವುದು ಹೊಲಸು ಕೆಲಸ. ಅರ್ಧ ಕಾಯಿಲೆ ಎತ್ತದೆಯೇ ಸಿಗುತ್ತದೆ. ಪ್ಯಾನೆಲ್ಲಿನಲ್ಲಿ ಆಟೊ–ಮ್ಯಾನುಯಲ್ ಸ್ವಿಚ್ಚು ಇದ್ದರೆ ಇನ್ನೂ ಸುಲಭ. ಕರೆಂಟು ಹಾಕಿ, ಗುಂಡಿಯಿಂದ ದೂರ ನಿಂತು ಕಿವಿ ಕೊಡಿ.

ಸದ್ದೇ ಇಲ್ಲ ಎಂದಾದರೆ ಎಂಸಿಬಿ ಬಿದ್ದಿದೆಯೇ ನೋಡಿ. ಇಲ್ಲವಾದರೆ ಮ್ಯಾನುಯಲ್‌ಗೆ ಹಾಕಿ. ಮ್ಯಾನುಯಲ್‌ನಲ್ಲಿ ಓಡಿ ಆಟೊದಲ್ಲಿ ಓಡದಿದ್ದರೆ ತಪ್ಪು ಫ್ಲೋಟಿನದು. ಕರೆಂಟು ತೆಗೆದು ಉದ್ದ ಕೋಲಿನಿಂದ ಅದನ್ನು ಅಲ್ಲಾಡಿಸಿ. ಹೆಚ್ಚಾಗಿ ಅದು ಪೈಪಿಗೋ ಗೋಡೆಗೋ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಅಡುಗೆಮನೆಯ ಜಿಡ್ಡು ಮೆತ್ತಿಕೊಂಡು ಭಾರವಾಗಿ ತೇಲದಂತಾಗಿರುತ್ತದೆ. ತೊಳೆದರೆ ಮತ್ತೆ ಜೀವ ಬರುತ್ತದೆ. ತೊಳೆದು ಮೇಲೆ ಕೆಳಗೆ ತಿರುಗಿಸಿದಾಗ ಒಳಗೆ ‘ಟಿಕ್’ ಎನ್ನದಿದ್ದರೆ, ಅಥವಾ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಬಂದರೆ, ಹೊಸದು ಹಾಕಿಸಿ. ಪಂಪಿನ ಬೆಲೆಗೆ ಹೋಲಿಸಿದರೆ ಫ್ಲೋಟಿನದು ಪುಡಿಗಾಸು.

ಗುಂಯ್‌ಗುಡುತ್ತದೆ, ತಿರುಗುವುದಿಲ್ಲ ಎಂದಾದರೆ ಕೂಡಲೇ ಆಫ್ ಮಾಡಿ. ಆ ಸ್ಥಿತಿಯಲ್ಲಿ ಬಿಟ್ಟರೆ ವೈಂಡಿಂಗ್ ನಿಜವಾಗಿಯೂ ಸುಡುತ್ತದೆ. ಇದಕ್ಕೆ ಮೂರು ಕಾರಣ: ಕೆಪಾಸಿಟರ್ ಹೋಗಿರುವುದು, ಇಂಪೆಲ್ಲರಿಗೆ ಕಸ ಸಿಕ್ಕಿರುವುದು, ವೋಲ್ಟೇಜು ಬಿದ್ದಿರುವುದು. ಮೂರನೆಯದನ್ನು ನಮ್ಮ ಕಡೆ ಮರೆಯುವಂತಿಲ್ಲ. ಬೇಸಿಗೆಯಲ್ಲಿ ಕೊಳವೆಬಾವಿಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಲೈನಿನ ತುದಿಯ ಮನೆಯಲ್ಲಿ 230 ವೋಲ್ಟಿನ ಜಾಗಕ್ಕೆ 180 ಬಂದರೆ, ಮೋಟರಿನ ತಿರುಚುವ ಬಲ ಬರೀ ಐದನೇ ಒಂದು ಭಾಗ ಕುಗ್ಗುವುದಿಲ್ಲ. ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ನೂರಕ್ಕೆ ಅರವತ್ತರಷ್ಟು ಮಾತ್ರ ಉಳಿಯುತ್ತದೆ. ಬೆಳಿಗ್ಗೆ ಚೂರು ಕೂದಲಿದ್ದರೂ ಎಳೆದುಕೊಂಡು ಓಡಿದ ಪಂಪ್ ಸಂಜೆ ಅದೇ ಕೂದಲಿಗೆ ಸೋತು ನಿಲ್ಲುವುದು ಇದಕ್ಕೇ. ಹಾಗಾಗಿ ತೀರ್ಮಾನಕ್ಕೆ ಬರುವ ಮುನ್ನ ಮೀಟರ್ ಹಿಡಿದು, ಪಂಪ್ ಚಾಲೂ ಮಾಡಿದ ಕ್ಷಣದ ವೋಲ್ಟೇಜು ನೋಡಿ.

ಸಿಂಗಲ್ ಫೇಸ್ ಪಂಪುಗಳಲ್ಲಿ ಕೆಪಾಸಿಟರ್ ಬಹುಪಾಲು ಪ್ಯಾನೆಲ್ಲಿನಲ್ಲೇ ಇರುತ್ತದೆ. ಉಬ್ಬಿದ್ದರೆ, ಎಣ್ಣೆ ಸೋರಿದ್ದರೆ ಬೇರೆ ಪರೀಕ್ಷೆ ಬೇಡ. ಕರೆಂಟು ತೆಗೆದ ಮೇಲೂ ಅದು ಹೊಡೆಯುತ್ತದೆ. ಮುಟ್ಟುವ ಮುಂಚೆ ಹಳೆ ಫಿಲಮೆಂಟ್ ಬಲ್ಬಿನ ಎರಡು ತಂತಿಯನ್ನು ಅದರ ಎರಡು ತುದಿಗೆ ತಾಗಿಸಿ ಖಾಲಿ ಮಾಡಿ. ಹೊಸದು ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟೇಜು ಅಷ್ಟೇ ಅಥವಾ ಹೆಚ್ಚು ಇರಬೇಕು. ‘ದೊಡ್ಡದು ಹಾಕಿದರೆ ಜೋರಾಗಿ ಓಡತ್ತೆ’ ಎಂಬುದು ಸುಳ್ಳು. ದೊಡ್ಡದು ಹಾಕಿದರೆ ವೈಂಡಿಂಗ್ ಕಾಯುತ್ತದೆ.

ಓಡುತ್ತದೆ, ಮಟ್ಟ ಇಳಿಯುವುದಿಲ್ಲ ಎಂಬ ದೂರಿಗೆ ಮೊದಲು ಗೇಟ್ ವಾಲ್ವ್ ನೋಡಿ. ಯಾರೋ ಮುಚ್ಚಿ ಮರೆತಿರಬಹುದು. ಆಮೇಲೆ ಗಾಳಿ ಸಿಕ್ಕಿಕೊಂಡಿರುವ ಸಾಧ್ಯತೆ. ಗುಂಡಿ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದಾಗ ಪಂಪಿನ ಹೊಟ್ಟೆಯಲ್ಲಿ ಗಾಳಿ ಉಳಿಯುತ್ತದೆ. ಮೇಲೆ ಎನ್‌ಆರ್‌ವಿ ಮುಚ್ಚಿರುವುದರಿಂದ ಅದಕ್ಕೆ ದಾರಿ ಇಲ್ಲ, ಇಂಪೆಲ್ಲರ್ ಗಾಳಿಯನ್ನೇ ಕಡೆಯುತ್ತಿರುತ್ತದೆ. ಎನ್‌ಆರ್‌ವಿಯ ಕೆಳಗೆ, ಗುಂಡಿಯೊಳಗಿನ ಪೈಪಿನಲ್ಲಿ 4–5 ಮಿಲಿಮೀಟರಿನ ಸಣ್ಣ ರಂಧ್ರ ಇರಬೇಕೆನ್ನುವುದು ಈ ಕಾರಣಕ್ಕೆ. ಪಂಪ್ ಓಡುವಾಗ ಆ ರಂಧ್ರದಿಂದ ಸಣ್ಣ ಧಾರೆ ಚಿಮ್ಮುವುದನ್ನು ಕಂಡು ‘ಪೈಪು ತೂತಾಗಿದೆ’ ಎಂದು ಎಂ-ಸೀಲ್ ಮೆತ್ತುವವರು ಬೇಕಾದಷ್ಟು ಜನ. ಮೆತ್ತಿದ್ದರೆ ಕೆರೆದು ತೆಗೆಯಿರಿ.

ಎಂಸಿಬಿ ಅಥವಾ ಆರ್‌ಸಿಸಿಬಿ (ಕರೆಂಟು ಸೋರಿದರೆ ಬೀಳುವ ಸ್ವಿಚ್ಚು) ಬೀಳುತ್ತಲೇ ಇದ್ದರೆ ಹೆಚ್ಚಾಗಿ ಎಲ್ಲೋ ನೀರು ಒಳಹೊಕ್ಕಿರುತ್ತದೆ. ಮೊದಲ ಸಂಶಯ ಗುಂಡಿಯೊಳಗೆ ಟೇಪು ಸುತ್ತಿ ಮಾಡಿದ ಕೇಬಲ್ ಜಾಯಿಂಟಿನ ಮೇಲೆ. ಹೈಡ್ರೋಜನ್ ಸಲ್ಫೈಡ್ ತಾಮ್ರವನ್ನು ತಿನ್ನುತ್ತದೆ. ಅಂಥ ಜಾಯಿಂಟು ಬಿಚ್ಚಿದರೆ ತಂತಿ ಇದ್ದಿಲಿನಂತೆ ಕಪ್ಪಾಗಿ, ಬೆರಳಿನಲ್ಲಿ ಬಗ್ಗಿಸಿದರೆ ಮುರಿಯುತ್ತದೆ. ಆ ಭಾಗ ಕತ್ತರಿಸಿ, ಜಾಯಿಂಟು ಗುಂಡಿಯ ಹೊರಗಿನ ಪೆಟ್ಟಿಗೆಯಲ್ಲಿ ಬರುವಂತೆ ಮಾಡಿ. ಬೀಳುವ ಆರ್‌ಸಿಸಿಬಿಯನ್ನು ಬೈಪಾಸ್ ಮಾಡಿ ಓಡಿಸುವುದು ಕೊಲೆಗೆ ಸಮ. ಒದ್ದೆ ಬಚ್ಚಲಿನಲ್ಲಿ ಬರಿಗಾಲಲ್ಲಿ ನಿಂತವರಿಗೂ ಸಾವಿಗೂ ನಡುವೆ ಇರುವುದು ಆ 30 ಮಿಲಿಆಂಪಿಯರಿನ ಸ್ವಿಚ್ಚು ಮಾತ್ರ.

ಇನ್ನೊಂದು ಬಗೆ: ಪಂಪ್ ಓಡುತ್ತದೆ, ನಿಲ್ಲುತ್ತದೆ, ಯಾರೂ ನೀರು ಬಳಸದಿದ್ದರೂ ಐದು ನಿಮಿಷಕ್ಕೆ ಮತ್ತೆ ಓಡುತ್ತದೆ. ಇದು ಎನ್‌ಆರ್‌ವಿ ಸೋರುವ ಲಕ್ಷಣ. ಪರೀಕ್ಷೆ ಸುಲಭ. ಎರಡು ಇಂಚಿನ ಪೈಪಿನಲ್ಲಿ ಮೀಟರಿಗೆ ಸುಮಾರು 2 ಲೀಟರ್ ನಿಲ್ಲುತ್ತದೆ. ಮೇಲಿನ ಪೈಪು 10 ಮೀಟರ್ ಇದ್ದರೆ 20 ಲೀಟರ್. ಎರಡು ಅಡಿ ಅಗಲದ ದುಂಡು ಗುಂಡಿಯಲ್ಲಿ 20 ಲೀಟರ್ ಎಂದರೆ ಸುಮಾರು 7 ಸೆಂಟಿಮೀಟರ್. ಪಂಪ್ ನಿಂತ ಮೇಲೆ ಮಟ್ಟ ತಾನಾಗಿ ಅಷ್ಟು ಏರಿದರೆ ವಾಲ್ವಿನ ನಾಲಗೆಗೆ ಕಸ ಕಚ್ಚಿಕೊಂಡಿದೆ, ಅಥವಾ ರಬ್ಬರು ಹೋಗಿದೆ. ಬಿಚ್ಚಿ ತೊಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಿಚ್ಚುವಾಗ ಮೇಲಿನ ಪೈಪಿನ ಕೊಳಚೆಯೆಲ್ಲ ಕೆಳಗೆ ಸುರಿಯುತ್ತದೆ ಎಂಬುದು ನೆನಪಿರಲಿ. ಗೇಟ್ ವಾಲ್ವ್ ಮೊದಲು ಮುಚ್ಚಿ.

ಎತ್ತಿ, ಬಿಚ್ಚಿ, ತೊಳೆಯುವುದು

ಮೇಲಿನದ್ಯಾವುದರಲ್ಲೂ ಸಿಗದಿದ್ದರೆ ಪಂಪ್ ಎತ್ತಬೇಕು. ಎರಕದ ಕಬ್ಬಿಣದ ಒಂದು ಎಚ್‌ಪಿ ಪಂಪು 20 ಕಿಲೊ ದಾಟುತ್ತದೆ, ಮೇಲೆ ಕೆಸರಿನ ಭಾರ. ಇಬ್ಬರು ಬೇಕು.

1. ಕರೆಂಟು ತೆಗೆದಿದೆಯೇ ಟೆಸ್ಟರಿನಿಂದ ಮತ್ತೊಮ್ಮೆ ನೋಡಿ.

2. ಗೇಟ್ ವಾಲ್ವ್ ಮುಚ್ಚಿ, ಪೈಪಿನ ಯೂನಿಯನ್ ಬಿಚ್ಚಿ. ಯೂನಿಯನ್ ಇಲ್ಲದೆ ಅಂಟಿಸಿಬಿಟ್ಟಿದ್ದರೆ ಕೈಗೆ ಸಿಗುವ ಎತ್ತರದಲ್ಲಿ ಪೈಪು ಕೊಯ್ದು, ಮತ್ತೆ ಜೋಡಿಸುವಾಗ ಯೂನಿಯನ್ ಹಾಕಿಸಿ.

3. ಪಂಪಿನ ಹಿಡಿಕೆಗೆ ಕಟ್ಟಿದ ಸರಪಳಿ ಹಿಡಿದು ನಿಧಾನವಾಗಿ ಎಳೆಯಿರಿ. ಕೇಬಲ್ ಹಿಡಿದು ಯಾವತ್ತೂ ಎತ್ತಬೇಡಿ. ಕೇಬಲ್ ಒಳಹೋಗುವ ಜಾಗದ ರಬ್ಬರು ಒಂದು ಕೂದಲೆಳೆ ಸಡಿಲವಾದರೂ ಅಲ್ಲಿಂದಲೇ ಮೋಟರಿಗೆ ನೀರು ಇಳಿಯುತ್ತದೆ. ಸರಪಳಿ ತುಕ್ಕು ತಿಂದು ಹರಿದಿದ್ದರೆ ಕೊಕ್ಕೆ ಕಟ್ಟಿದ ಬಿದಿರಿನಿಂದ ಹಿಡಿಕೆಗೆ ಸಿಕ್ಕಿಸಿ ಎಳೆಯಬಹುದು. ಮುಂದೆ ಸ್ಟೇನ್‌ಲೆಸ್ ಸರಪಳಿ ಅಥವಾ ದಪ್ಪ ನೈಲಾನ್ ಹಗ್ಗ ಕಟ್ಟಿ.

4. ಗುಂಡಿಯ ಬಾಯಲ್ಲೇ ಹಿಡಿದು ನೀರಿನಿಂದ ತೊಳೆಯಿರಿ. ಹೊಲಸು ಗುಂಡಿಗೇ ಹೋಗಲಿ. ಆಮೇಲೆ ಒಂದು ಲೀಟರ್ ನೀರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರ್ ಕರಗಿಸಿ ಮೇಲೆ ಸುರಿದು ಹತ್ತು ನಿಮಿಷ ಬಿಟ್ಟು ಮತ್ತೆ ತೊಳೆಯಿರಿ.

5. ತಲೆಕೆಳಗು ಮಲಗಿಸಿ, ತಳದ ಬೋಲ್ಟುಗಳನ್ನು ಬಿಚ್ಚಿ. ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದುಕೊಳ್ಳಿ.

ತಳ ತೆರೆದರೆ ಇಂಪೆಲ್ಲರ್ ಕಾಣುತ್ತದೆ, ಅದರ ಬುಡದಲ್ಲಿ ಶಾಫ್ಟಿಗೆ ಸುತ್ತಿಕೊಂಡದ್ದೂ ಕಾಣುತ್ತದೆ. ಉದ್ದ ಕೂದಲು, ಸೀರೆ ಸೆರಗಿನ ದಾರ, ನೆಲ ಒರೆಸುವ ಬಟ್ಟೆಯ ಎಳೆ ಎಲ್ಲ ಸೇರಿ ಬೆರಳು ಗಾತ್ರದ ಹುರಿಯಾಗಿ ಬಿಗಿದುಕೊಂಡಿರುತ್ತವೆ. ಜೊತೆಗೆ ಶಾಂಪೂ ಪೊಟ್ಟಣ, ಗುಟ್ಕಾ ಚೀಟಿ, ಪಾತ್ರೆ ಉಜ್ಜುವ ಸ್ಟೀಲ್ ನಾರು. ಸ್ಯಾನಿಟರಿ ಪ್ಯಾಡ್ ನೀರು ಕುಡಿದು ಉಬ್ಬಿ ಇಂಪೆಲ್ಲರಿನ ಬಾಯನ್ನೇ ಮುಚ್ಚಿರುತ್ತದೆ. ಎಳೆದು ಕೀಳಬೇಡಿ. ಚೂಪಾದ ಚಾಕುವಿನಿಂದ ಶಾಫ್ಟಿಗೆ ಉದ್ದುದ್ದಕ್ಕೆ ಕೊಯ್ದು ಸುರುಳಿ ಬಿಡಿಸಿ. ಒಳಗಿನ ಸೀಲಿಗೆ ಚಾಕು ತಾಗಬಾರದು. ಕಟರ್ ಇರುವ ಪಂಪಾದರೆ ಅದರ ಅಲಗು ಕೈ ಕೊಯ್ಯುತ್ತದೆ, ಎಚ್ಚರ.

ಶಿಡ್ಲಘಟ್ಟದ ಕಡೆ ಇನ್ನೊಂದು ಕಾಟ ಉಂಟು. ಮನೆಯಲ್ಲೇ ರೇಷ್ಮೆ ಬಿಚ್ಚಾಣಿಕೆ ನಡೆಸುವವರು ಗೂಡು ಬೇಯಿಸಿದ ನೀರನ್ನು ಕಕ್ಕಸಿನ ಗುಂಡಿಗೇ ಬಿಟ್ಟರೆ ಅದರ ಜೊತೆ ಹರಿದ ಎಳೆಗಳೂ ಹುಳುಗಳೂ ಬರುತ್ತವೆ. ರೇಷ್ಮೆ ಎಳೆ ಕೂದಲಿಗಿಂತ ಸಣ್ಣ, ಅದರ ಗಟ್ಟಿತನ ನಿಮಗೇ ಗೊತ್ತು. ಅದು ಸುತ್ತಿಕೊಂಡರೆ ಕಟರ್ ಪಂಪಿಗೂ ಬಿಡುಗಡೆ ಇಲ್ಲ. ಆ ನೀರಿಗೆ ಬೇರೆ ತೊಟ್ಟಿ, ತೊಟ್ಟಿಗೆ ಎರಡು ಹಂತದ ಜಾಲರಿ ಬೇಕೇ ಬೇಕು.

ಬಿಡಿಸಿದ ಮೇಲೆ ಇಂಪೆಲ್ಲರನ್ನು ಕೈಯಿಂದ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಬಹುಶಃ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಗರಗರ ಎಂದರೆ ಬೇರಿಂಗ್ ಹೋಗಿದೆ. ಶಾಫ್ಟು ಅತ್ತಿತ್ತ ಅಲ್ಲಾಡಿದರೂ ಅದೇ.

ಇಲ್ಲಿಂದ ಮುಂದೆ ಅಂಗಡಿಯವರ ಕೆಲಸ

ಮೋಟರಿಗೂ ಇಂಪೆಲ್ಲರಿಗೂ ನಡುವೆ ಎಣ್ಣೆಯ ಕೋಣೆ, ಅದರ ಕೆಳಗೆ ಮೆಕ್ಯಾನಿಕಲ್ ಸೀಲ್ ಇರುತ್ತದೆ. ಎಣ್ಣೆಯ ಸ್ಕ್ರೂ ಬಿಚ್ಚಿ ಸ್ವಲ್ಪ ಹೊರತೆಗೆದು ನೋಡಿ. ತಿಳಿಯಾಗಿದ್ದರೆ ಸೀಲ್ ಗಟ್ಟಿಯಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಸೀಲ್ ಬದಲಿಸಬೇಕು. ಮೋಟರಿಗೆ ಇನ್ನೂ ತೊಂದರೆ ಆಗಿರಲಿಕ್ಕಿಲ್ಲ, ಈಗಲೇ ಬದಲಿಸಿದರೆ ಉಳಿಯುತ್ತದೆ. ಸೀಲಿನ ಎರಡು ಮುಖಗಳು ಕನ್ನಡಿಯಷ್ಟು ನಯವಾಗಿರುತ್ತವೆ, ಬೆರಳಿನ ಜಿಡ್ಡು ತಾಗಿದರೂ ಸೋರಬಹುದು. ಹಾಗಾಗಿ ಕೂರಿಸುವ ಕೆಲಸ ಅನುಭವಿ ಮೆಕ್ಯಾನಿಕ್ಕಿಗೆ ಬಿಡಿ.

ವೈಂಡಿಂಗ್ ಸುಟ್ಟಿದೆಯೇ ಎಂದು ಮೂಗಿನಿಂದ ತೀರ್ಮಾನಿಸಬೇಡಿ. ನಿಮ್ಮ ಎದುರಿಗೇ 500 ವೋಲ್ಟಿನ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿಸಿ. ವೈಂಡಿಂಗಿಗೂ ಅರ್ತಿಗೂ ನಡುವೆ ಒಂದು ಮೆಗಾಓಮ್‌ಗಿಂತ ಕಡಿಮೆ ತೋರಿಸಿದರೆ ಆ ಪಂಪನ್ನು ಗುಂಡಿಗೆ ಇಳಿಸಬಾರದು. ತೇವ ಮಾತ್ರ ಸೇರಿದ್ದರೆ ಬಿಚ್ಚಿ ಒಣಗಿಸಿ, ವಾರ್ನಿಷ್ ಹಾಕಿದರೂ ಕೆಲವೊಮ್ಮೆ ಸಾಕಾಗುತ್ತದೆ. ಈ ಮಾತನ್ನು ನೀವೇ ಕೇಳಬೇಕು. ರೀವೈಂಡ್ ಮಾಡಿಸುವುದೇ ಆದರೆ ಬೇರಿಂಗ್, ಸೀಲ್, ಓ-ರಿಂಗುಗಳನ್ನೂ ಹೊಸದು ಹಾಕಿಸಿ. ಹಳೆಯ ಸೀಲ್ ಇಟ್ಟು ಹೊಸ ವೈಂಡಿಂಗ್ ಮಾಡಿಸಿದರೆ ಮತ್ತೆ ನೀರು ನುಗ್ಗಿ ದುಡ್ಡು ದಂಡ. ಮೂರು ಫೇಸಿನ ಪಂಪು ರಿಪೇರಿಯಾಗಿ ಬಂದ ಮೇಲೆ ನೀರು ಕಡಿಮೆ ಎತ್ತುತ್ತಿದ್ದರೆ ಉಲ್ಟಾ ತಿರುಗುತ್ತಿದೆಯೇ ನೋಡಿ, ಎರಡು ಫೇಸ್ ಅದಲುಬದಲು ಮಾಡಿದರೆ ಸರಿ.

ಮತ್ತೆ ಇಳಿಸುವಾಗ

ಫ್ಲೋಟಿನ ಮಟ್ಟ ಕಟ್ಟುವುದು ಈ ಕೆಲಸದ ಕುಶಲತೆ. ಪಂಪ್ ನಿಲ್ಲುವ ಮಟ್ಟದಲ್ಲಿ ಮೋಟರ್ ಇನ್ನೂ ಮುಳುಗಿರಬೇಕು. ಶುರುವಾಗುವ ಮಟ್ಟ ಗುಂಡಿಗೆ ಬರುವ ಪೈಪಿನ ಬಾಯಿಗಿಂತ ಒಂದು ಗೇಣು ಕೆಳಗಿರಬೇಕು. ಕಟ್ಟಿದ ಜಾಗದಿಂದ ಫ್ಲೋಟಿನವರೆಗಿನ ಕೇಬಲ್ ಉದ್ದವಾದಷ್ಟೂ ಈ ಎರಡರ ಅಂತರ ಹೆಚ್ಚು. ತೀರಾ ಗಿಡ್ಡ ಕಟ್ಟಿದರೆ ಪಂಪ್ ಪದೇ ಪದೇ ಶುರುವಾಗಿ ಕೆಪಾಸಿಟರ್ ಹಾಳಾಗುತ್ತದೆ. ತೀರಾ ಉದ್ದ ಕಟ್ಟಿದರೆ ಗೋಡೆಗೆ ತಗುಲುತ್ತದೆ. ಫ್ಲೋಟ್ ಪೂರ್ತಿ ಸುತ್ತು ತಿರುಗಿದರೂ ಏನಕ್ಕೂ ತಾಗದಂತಿರಲಿ.

ಪಂಪು ತಳದ ಕೆಸರಿನಲ್ಲಿ ಹೂತು ಕೂರದಂತೆ ಎರಡು ಇಟ್ಟಿಗೆ ಎತ್ತರದ ಕಾಂಕ್ರೀಟು ಕಟ್ಟೆ ಇದ್ದರೆ ಒಳ್ಳೆಯದು. ಜೋಡಿಸಿದ ಮೇಲೆ ಬಕೆಟ್ಟಿನಿಂದ ನೀರು ಸುರಿದು ಮೂರು ಸುತ್ತು ಓಡಿಸಿ. ಈಗ ಅಳತೆ ಹಿಡಿಯಿರಿ: ಎರಡು ಅಡಿ ಅಗಲದ ಗುಂಡಿಯಲ್ಲಿ ಪ್ರತಿ 10 ಸೆಂಟಿಮೀಟರಿಗೆ 28 ಲೀಟರ್. ನಿಮಿಷಕ್ಕೆ 30 ಸೆಂಟಿಮೀಟರ್ ಇಳಿದರೆ ಸುಮಾರು 85 ಲೀಟರ್, ಅಂದರೆ ಪೈಪು ತಾನೇ ತೊಳೆದುಕೊಳ್ಳುವಷ್ಟು ವೇಗ ಇದೆ. ಈ ಅಂಕಿಯನ್ನು ತಾರೀಖಿನ ಜೊತೆ ಪ್ಯಾನೆಲ್ಲಿನ ಬಾಗಿಲ ಒಳಗೆ ಬರೆದಿಡಿ. ಆರು ತಿಂಗಳ ಮೇಲೆ ಅದೇ ಅಳತೆ ಕಡಿಮೆ ಬಂದರೆ ಪಂಪ್ ನಿಲ್ಲುವ ಮೊದಲೇ ನಿಮಗೆ ಸುಳಿವು ಸಿಕ್ಕಂತೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಬೋರಿನ ನೀರೆತ್ತುವ ಅಥವಾ ಸಂಪಿನ ಸಾದಾ ಮೋಟರನ್ನು ಕೊಳಚೆಗೆ ಇಳಿಸುವುದು. ಅದರ ಇಂಪೆಲ್ಲರಿನ ಸಂದು ತಿಳಿನೀರಿಗೆ ಮಾಡಿದ್ದು. ಒಂದು ಎಲೆ ಸಿಕ್ಕರೂ ನಿಲ್ಲುತ್ತದೆ.

ಮಾಳಿಗೆಯ ಮಳೆನೀರನ್ನು ಇದೇ ಗುಂಡಿಗೆ ಸೇರಿಸುವುದು. ಇದು ದೊಡ್ಡ ತಪ್ಪು. 30×40 ಅಡಿ ಮಾಳಿಗೆಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5,500 ಲೀಟರ್ ನೀರು. 2021ರ ನವೆಂಬರಿನಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಂಥ ಮಳೆ ಮತ್ತೆ ಬಂದು, ಅದೇ ಹೊತ್ತಿಗೆ ಕರೆಂಟೂ ಹೋದರೆ, ಆ ನೀರು ಕೊಳಚೆಯನ್ನು ಹೊತ್ತು ಕೆಳಮನೆಯ ಹಾಸಿಗೆವರೆಗೆ ಬರುತ್ತದೆ. ಮಳೆನೀರನ್ನು ಬೇರೆ ಪೈಪಿನಲ್ಲಿ ಇಂಗುಗುಂಡಿಗೆ ಬಿಡಿ. ಅಂತರ್ಜಲ ಬತ್ತಿದ ನಮ್ಮ ತಾಲ್ಲೂಕುಗಳಲ್ಲಿ ಅದನ್ನು ಕೊಳಚೆಗೆ ಸೇರಿಸಿ ಕಳೆದುಕೊಳ್ಳುವುದು ಸಂಕಟದ ವಿಷಯ.

ಒಳಚರಂಡಿ ಇಲ್ಲದ ಹಳ್ಳಿಯಲ್ಲಿ ಸೆಪ್ಟಿಕ್ ಟ್ಯಾಂಕಿಗೆ ಎತ್ತಲು ಕಟರ್ ಪಂಪ್ ಹಾಕುವುದು. ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದು ಗಟ್ಟಿ ಪದಾರ್ಥ ತಳಕ್ಕೆ ಕೂರುವುದರಿಂದ. ಕಟರ್ ಅದನ್ನು ಅರೆದು ಹಿಟ್ಟು ಮಾಡಿದರೆ ಕೂರದೆ ಇಂಗುಗುಂಡಿಗೆ ಹರಿದು ಅದರ ರಂಧ್ರ ಕಟ್ಟುತ್ತದೆ. ಅಲ್ಲಿಗೆ ಗಟ್ಟಿಯನ್ನು ಹಾಗೇ ದಾಟಿಸುವ ಪಂಪು ಬೇಕು, ಒಮ್ಮೆಗೆ ಸ್ವಲ್ಪ ಸ್ವಲ್ಪವೇ ಹೋಗುವಂತೆ ಫ್ಲೋಟ್ ಕಟ್ಟಬೇಕು. ಇನ್ನು, ಪಂಪಿನ ಪೈಪನ್ನು ರಸ್ತೆ ಚರಂಡಿಗೋ ರಾಜಕಾಲುವೆಗೋ ತಿರುಗಿಸುವುದನ್ನು ತಪ್ಪು ಎನ್ನುವುದು ಕಡಿಮೆ, ಅದು ಕೆಳಗಿನ ಊರಿನವರ ಬಾವಿಗೆ ಹೊಲಸು ಹಾಕಿದಂತೆ.

ಗಾಳಿ ಪೈಪಿನ ತುದಿಯನ್ನು ವಾಸನೆ ಬರುತ್ತದೆಂದು ಬಟ್ಟೆ ತುರುಕಿ ಮುಚ್ಚುವುದು. ಮುಚ್ಚಿದರೆ ಅದೇ ಅನಿಲ ಬಚ್ಚಲಿನ ಜಾಲರಿಯಿಂದ ಮನೆಯೊಳಗೆ ಬರುತ್ತದೆ. ಪೈಪನ್ನು ಮಾಳಿಗೆಗಿಂತ ಎತ್ತರಕ್ಕೆ ಏರಿಸಿ, ತುದಿಗೆ ಸೊಳ್ಳೆ ಜಾಲರಿ ಕಟ್ಟಿ.

ಪಂಪ್ ಅಂಗಡಿಯಲ್ಲಿರುವಾಗ

ರೀವೈಂಡಿಂಗ್ ಎಂದರೆ ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟು ದಿನ ಕೆಳಮನೆಯ ಕಕ್ಕಸಿಗೆ ಬೀಗ ಹಾಕಿ, ಬಾಡಿಗೆಯವರಿಗೆ ಮೇಲಿನ ಕಕ್ಕಸು ಬಿಟ್ಟುಕೊಡಿ. ಮೇಲಿನ ಅಂತಸ್ತಿನ ಪೈಪುಗಳೂ ಇದೇ ಗುಂಡಿಗೆ ಬರುತ್ತಿದ್ದರೆ ಅದನ್ನು ಬದಲಿಸಲು ಇದೇ ಸಮಯ: ರಸ್ತೆಮಟ್ಟಕ್ಕಿಂತ ಮೇಲಿರುವ ಕಕ್ಕಸುಗಳು ಪಂಪಿನ ಹಂಗಿಲ್ಲದೆ ನೇರವಾಗಿ ಹೋಗಬೇಕು. ಪಂಪಿನ ಹೊರೆಯೂ ಇಳಿಯುತ್ತದೆ, ಕರೆಂಟು ಹೋದಾಗ ಮನೆಗೆ ಒಂದಾದರೂ ಕಕ್ಕಸು ಉಳಿಯುತ್ತದೆ.

ಗುಂಡಿ ತುಂಬಿದ್ದರೆ ನಗರಸಭೆಯ ಅಥವಾ ಪರವಾನಗಿ ಇರುವ ಸಕ್ಕಿಂಗ್ ಗಾಡಿ ಕರೆಸಿ. ಹೊಲಸನ್ನು ಎಲ್ಲಿ ಸುರಿಯುತ್ತೀರಿ ಎಂದು ಚಾಲಕರನ್ನು ಕೇಳಿ. ಕೆರೆ ಅಂಗಳದಲ್ಲಿ ಎಂದರೆ ಬೇರೆ ಗಾಡಿ ನೋಡಿ. ಟ್ಯಾಂಕಿನ ಹೂಳನ್ನು ಸಂಸ್ಕರಿಸುವ ಘಟಕ ಪಕ್ಕದ ದೇವನಹಳ್ಳಿಯಲ್ಲಿ 2015ರಿಂದಲೇ ಇದೆ, ಪ್ರತಿ ತಾಲ್ಲೂಕಿಗೂ ಅಂಥದ್ದು ಬೇಕೆಂದು ನಗರಸಭೆಯನ್ನು ಕೇಳುವುದು ನಮ್ಮ ಹಕ್ಕು. ಗಾಡಿ ಬಂದಾಗ ತಳದ ಮರಳು, ಕಲ್ಲು, ಪ್ಲಾಸ್ಟಿಕ್ಕನ್ನೂ ಪೈಪಿನಿಂದಲೇ ಎಳೆಸಿ. ಉಳಿದ ದೊಡ್ಡ ಕಸವನ್ನು ಉದ್ದ ಹಿಡಿಯ ಜಾಲರಿಯಿಂದ ಮೇಲಿನಿಂದಲೇ ತೆಗೆಯಿರಿ. ‘ಒಂದ್ನಿಮಿಷ, ನಾನೇ ಇಳಿದು ತೆಗೀತೀನಿ’ ಎಂದು ಗಾಡಿಯ ಹುಡುಗ ಚಪ್ಪಲಿ ಬಿಟ್ಟರೆ ತಡೆಯಿರಿ, ಮುಚ್ಚಳ ಹಾಕಿಬಿಡಿ.

ಪಂಪ್ ವಾಪಸು ತರುವ ದಿನ ಅಂಗಡಿಯಲ್ಲಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹತ್ತು ನಿಮಿಷ ಓಡಿಸಿ ತೋರಿಸಲು ಹೇಳಿ. ಎಷ್ಟು ಆಂಪಿಯರ್ ಎಳೆಯುತ್ತಿದೆ ಎಂದು ಕ್ಲ್ಯಾಂಪ್ ಮೀಟರಿನಲ್ಲಿ ನೋಡಿ, ಪಂಪಿನ ಹೆಸರುಫಲಕದ ಅಂಕಿಯ ಜೊತೆ ಹೋಲಿಸಿ. ಅದಕ್ಕಿಂತ ಹೆಚ್ಚು ಎಳೆಯುತ್ತಿದ್ದರೆ ದುಡ್ಡು ಕೊಡುವ ಮೊದಲೇ ಮತ್ತೆ ಬಿಚ್ಚಿಸಿ.